ಕೆಂಪುಕಲ್ಲಿನ ಬೀದಿಯಲ್ಲಿ ಮರ, ಬೆಂಚು, ಸಂಜೆಯ ಜನ: ನನ್ನ ಅನುಭವ

ಜೂನ್ 5ರ ಪರಿಸರ ದಿನಕ್ಕೆ ನೆಟ್ಟ ಗಿಡ ಮುಂದಿನ ಜೂನ್ 5ಕ್ಕೆ ಬದುಕಿರುವುದು ನಮ್ಮ ಕಾಸರಗೋಡಿನ ಪೇಟೆಗಳಲ್ಲಿ ಅಪರೂಪ. ಸುತ್ತ ಇಟ್ಟ ಕಬ್ಬಿಣದ ಬೇಲಿ ಮತ್ತು ಅದರ ಮೇಲಿನ ದಾನಿಗಳ ಹೆಸರು ಮಾತ್ರ ಉಳಿಯುತ್ತವೆ. ಬದಿಯಡ್ಕದ ಆಚೆಗಿನ ನಮ್ಮ ಪೇಟೆಯಲ್ಲಿ, ಬಸ್ ನಿಲ್ಲುವಲ್ಲಿಂದ ಮೀನು ಮಾರುಕಟ್ಟೆಗೆ ಹೋಗುವ ಅಡ್ಡಬೀದಿಯಲ್ಲಿ, ಈಗ ಹನ್ನೊಂದು ಮರಗಳಿವೆ. ಕೆಲವು ಅಂಗಡಿಯ ಮಾಡನ್ನು ಮುಟ್ಟಿವೆ. ಕಲ್ಲಿನ ಮೇಲೆ ಮರ ಬರುವುದಿಲ್ಲ, ಬಂದರೂ ವ್ಯಾಪಾರ ಹಾಳಾಗುತ್ತದೆ ಎಂದವರೇ ಅವುಗಳ ಕೆಳಗೆ ಚಾ ಕುಡಿಯುತ್ತಾರೆ. ಅವರಲ್ಲಿ ಒಬ್ಬಿಬ್ಬರು 'ನಾವು ಅಂದೇ ಹೇಳಿದ್ದೆವಲ್ಲ' ಎನ್ನಲೂ ಶುರುಮಾಡಿದ್ದಾರೆ. ಹಾಗಾಗಿ ಬರೆದಿಡುವುದೇ ಒಳ್ಳೆಯದು ಅನಿಸಿತು.

ನಾನು ಕಟ್ಟಡ ಗುತ್ತಿಗೆಯವನು. ಕೆಂಪುಕಲ್ಲಿನ ಗುಣವನ್ನು ಈ ಕೆಲಸದವರಿಗೆ ವಿವರಿಸಬೇಕಾಗಿಲ್ಲ: ಕೋರೆಯಲ್ಲಿ ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಬೀದಿಯ ಅಡಿಯಲ್ಲಿದ್ದದ್ದು ಎಷ್ಟೋ ವರ್ಷ ಬಿಸಿಲು ತಿಂದ ಹಾಸುಗಲ್ಲು. ಪಿಕ್ಕಾಸು ಚಿಮ್ಮಿ ಕೈಗೆ ಬರುತ್ತಿತ್ತು. ಜೆಸಿಬಿ ತರಿಸಿದೆವು, ಗಂಟೆಗೆ ಸಾವಿರದ ಮುನ್ನೂರರ ಆಸುಪಾಸು. ಮೂರಡಿ ಹೊಂಡ, ಮೇಲ್ಮಣ್ಣು, ಹಟ್ಟಿಗೊಬ್ಬರ, ಆಳೆತ್ತರದ ಗಿಡ. ಜುಲೈಯಲ್ಲಿ ಎಲೆ ಹಳದಿಯಾಯಿತು. ಆಗಸ್ಟ್‌ನಲ್ಲಿ ಕಿತ್ತು ನೋಡಿದರೆ ಬೇರು ಕೊಳೆತು ನಾರುತ್ತಿತ್ತು. ಎಲ್ಲರೂ ಬೇಸಿಗೆಯ ನೀರಿನ ಚಿಂತೆ ಮಾಡುತ್ತಾರೆ. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಸೀಮೆಯಿದು. ಕಲ್ಲಿನಲ್ಲಿ ತೋಡಿದ ಹೊಂಡ ಬಾಲ್ದಿಯಂತೆ ತುಂಬಿ ನಿಲ್ಲುತ್ತದೆ. ಗಿಡ ಸಾಯುವುದು ಮಳೆಗಾಲದಲ್ಲಿ, ಹೆಚ್ಚಿನವರಿಗೆ ಗೊತ್ತಾಗುವುದು ಮಾರ್ಚಿಯಲ್ಲಿ.

ಅಡಿಕೆ ತೋಟ ಮಾಡಿದವರಿಗೆ ಉತ್ತರ ಗೊತ್ತಿರುವುದೇ: ಕಣಿ, ಅಂದರೆ ನೀರು ಬಸಿಯಲು ತೆಗೆಯುವ ಉದ್ದದ ಕಾಲುವೆ. ಹೊಂಡಗಳನ್ನು ಬಿಡಿಬಿಡಿಯಾಗಿ ತೋಡದೆ ಒಂದಕ್ಕೊಂದು ಸೇರಿಸಿ ಬೀದಿಯುದ್ದಕ್ಕೂ ಒಂದೇ ಕಣಿ ತೆಗೆಸಿದೆ. ಅಗಲ ನಾಲ್ಕಡಿಯ ಒಳಗೆ, ಇಳಿಜಾರು ಚರಂಡಿಯ ಕಡೆಗೆ. ಕೊನೆಯಲ್ಲಿ ಹೆಚ್ಚಿನ ನೀರು ಹೋಗಲು ಒಂದು ಪೈಪು. ಆ ಪೈಪಿನ ಬಾಯಿ ತಳದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದರಲ್ಲಿ ಇಡೀ ಕೆಲಸವಿದೆ. ತೀರ ಕೆಳಗಿಟ್ಟರೆ ಬೇಸಿಗೆಗೆ ತೇವ ಉಳಿಯದು, ಮೇಲಿಟ್ಟರೆ ಬೇರು ಕೊಳೆಯುತ್ತದೆ. ನನ್ನ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಇಳಿಜಾರು ಬೇರೆ ಇರುತ್ತದೆ. ಅಲ್ಲದೆ ಅದು ನನ್ನ ಹೊಟ್ಟೆಪಾಡೂ ಹೌದು.

ಕಣಿಗೆ ಬರೀ ಮಣ್ಣು ತುಂಬಿದರೆ ಮೀನಿನ ಟೆಂಪೋ ಒಮ್ಮೆ ಹತ್ತಿದರೆ ಸಾಕು, ಮಣ್ಣು ಒತ್ತಿ ಹೆಂಟೆಯಾಗುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಬೀದಿಮರಗಳ ಅಡಿಗೆ ದೊಡ್ಡ ಜಲ್ಲಿ ತುಂಬಿ, ಸಂದುಗಳಿಗೆ ನೀರು ಬಿಟ್ಟು ಮಣ್ಣು ಇಳಿಸುತ್ತಾರೆ. ಭಾರವನ್ನು ಕಲ್ಲು ಹೊರುತ್ತದೆ, ಸಂದಿನಲ್ಲಿ ಬೇರು ಓಡುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿದ್ದ ನಾನು ಖರ್ಚು ಉಳಿಸಲು ಕೋರೆಯಲ್ಲಿ ಬಿಟ್ಟಿ ಸಿಗುವ ಕೆಂಪುಕಲ್ಲಿನ ತುಂಡುಗಳನ್ನು ತುಂಬಿಸಿದೆ. ಒಂದೇ ಮಳೆಗಾಲ. ಚಕ್ರದ ಭಾರಕ್ಕೆ ಪುಡಿಯಾಗಿ ಕೆಸರಾಯಿತು. ಮೂವತ್ತು ಸಾವಿರದಷ್ಟು ಹೋಯಿತು, ಪೇಟೆಯ ಬಾಯಿಗೆ ಬಿದ್ದದ್ದು ಬೇರೆ. ಮರುವರ್ಷ ಕರಿಕಲ್ಲಿನ ದಪ್ಪ ಜಲ್ಲಿಯನ್ನೇ ತರಿಸಿದೆ. ಕೈಹಿಡಿಗಿಂತ ದೊಡ್ಡದು, ಪುಡಿ ಇಲ್ಲದ್ದು. ಮಣ್ಣಿನ ಜೊತೆ ತೆಂಗಿನ ಗೆರಟೆಯ ಇದ್ದಿಲು ಸೇರಿಸಿದೆ. ಇದ್ದಿಲನ್ನು ಹಾಗೆಯೇ ಹಾಕಿದರೆ ಮೊದಲ ವರ್ಷ ಗಿಡದ ಸಾರವನ್ನು ಅದೇ ಹೀರುತ್ತದೆ. ಗೋಬರ್ ಗ್ಯಾಸಿನ ಸ್ಲರಿಯಲ್ಲಿ ನೆನೆಸಿಯೇ ಹಾಕಬೇಕು. ಸ್ಲರಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಅಂಗಡಿ ಮಾಡುಗಳಿಂದ ದಂಬೆಯಲ್ಲಿ ಹರಿದು ಬರುವ ಮಳೆನೀರನ್ನೂ ಕಣಿಗೇ ತಿರುಗಿಸಿದೆ. ಏಪ್ರಿಲ್ ಮೇ ತಿಂಗಳಲ್ಲಿ ಒಂದು ಗುಡುಗುಮಳೆ ಬಂದರೆ ಆಮೇಲೆ ಹತ್ತು ಹದಿನೈದು ದಿನ ಗಿಡಕ್ಕೆ ನೀರು ಹೊರುವ ಕೆಲಸವಿಲ್ಲ.

ಮರದ ಆಯ್ಕೆಗೆ ದೊಡ್ಡ ಚರ್ಚೆ ಬೇಡ. ಗೋಳಿ, ಅಂದರೆ ಆಲ, ಚರಂಡಿ ಒಡೆಯುತ್ತದೆ. ಗುಲ್‌ಮೊಹರ್ ಗಾಳಿಗೆ ಮುರಿಯುತ್ತದೆ. ಬಾದಾಮಿಯ ಎಲೆ ಚರಂಡಿಯ ಬಾಯಿ ಮುಚ್ಚುತ್ತದೆ. ನೇರಳೆ ಹಣ್ಣಿನ ಮೇಲೆ ಬೈಕು ಜಾರುತ್ತದೆ. ಹೊಂಗೆ ಮತ್ತು ರೆಂಜೆಯನ್ನು (ಬಕುಳ) ಸಾಲಿನಲ್ಲಿ ಒಂದು ಬಿಟ್ಟು ಒಂದು ನೆಟ್ಟೆ. ಹೊಂಗೆ ಬೇಗ ನೆರಳು ಕೊಡುತ್ತದೆ, ರೆಂಜೆ ನಿಧಾನ, ಆದರೆ ಎಂದೂ ಬೋಳಾಗುವುದಿಲ್ಲ.

ಮರ ಏಳುವವರೆಗೆ ಜನ ಬಿಸಿಲಿನಲ್ಲಿ ಕಾಯುತ್ತಾರೆಯೇ? ಅಡಿಕೆ ಮರದ ಕಂಬ ನಿಲ್ಲಿಸಿ ಹಸಿರು ನೆಟ್ ಕಟ್ಟಿದೆವು. ಮೇ ತಿಂಗಳ ಮೊದಲ ಗಾಳಿಗೆ ಅದು ಹಾರಿ ಮೀನಂಗಡಿಯ ಮೇಲೆ ಬಿತ್ತು. ಹೆಣೆದ ತೆಂಗಿನ ಮಡಲು ಚೆನ್ನಾಗಿ ನಿಂತಿತು. ನೆಟ್‌ಗಿಂತ ತಂಪು, ಕೂಲಿ ಬಿಟ್ಟರೆ ಖರ್ಚಿಲ್ಲ, ಮಳೆಗಾಲಕ್ಕೆ ಮುಂಚೆ ಬಿಚ್ಚಿದರೆ ಆಯಿತು. ಒಂದು ಕಡೆ ಚಪ್ಪರಕ್ಕೆ ಬಸಳೆ ಹಬ್ಬಿಸಿದ್ದು ನನ್ನ ಹೆಂಡತಿಯ ಉಪಾಯ. ಬಸ್ಸಿಗೆ ಕಾಯುವ ಹೆಂಗಸರು ರಾತ್ರಿಯ ಕೊದ್ದೆಲಿಗೆ ಒಂದೊಂದು ಹಿಡಿ ಕೊಯ್ದು, ಬದಲಿಗೆ ತಮ್ಮ ಬಾಟಲಿಯ ನೀರನ್ನು ಬುಡಕ್ಕೆ ಸುರಿದು ಹೋಗುತ್ತಿದ್ದರು. ನಾಲ್ಕು ತಿಂಗಳು ಬೋಳಾಗದೆ ಉಳಿಯಿತು. ಪ್ಯಾಶನ್ ಫ್ರೂಟ್ ಬಳ್ಳಿ ಮಾತ್ರ ಬೇಡ. ಶಾಲೆ ಬಿಡುವ ಹೊತ್ತಿಗೆ ಕಲ್ಲೆಸೆತ ಶುರುವಾಗಿ ಫ್ಯಾನ್ಸಿ ಅಂಗಡಿಯ ಗಾಜು ಒಡೆಯಿತು. ಹಣ ನಾನೇ ಕೊಟ್ಟೆ.

ಬೆಂಚಿಗೂ ಕೆಂಪುಕಲ್ಲನ್ನೇ ಬಳಸಿದೆ, ಆಗ ಒಂದಕ್ಕೆ ನಲವತ್ತು ರೂಪಾಯಿಯೊಳಗೆ ಸಿಗುತ್ತಿತ್ತು. ಆದರೆ ಮಳೆ ಕುಡಿದ ಕಲ್ಲು ಪಾಚಿ ಹಿಡಿಯುತ್ತದೆ, ಅಕ್ಟೋಬರ್‌ವರೆಗೂ ಯಾರೂ ಕೂರುವುದಿಲ್ಲ. ಅಡಿಕೆ ಸಲಾಕೆ ಹೊಡೆದು ನೋಡಿದರೆ ಸಿಬಿರು ಎದ್ದು ಮುಂಡು ಹರಿಯುತ್ತದೆ. ಕೊನೆಗೆ ಕಡಪ ಕಲ್ಲು ಕೂರಿಸಿದೆ, ನೆಲದಿಂದ ಒಂದೂವರೆ ಅಡಿ, ಮುಂದಕ್ಕೆ ಕಣ್ಣಿಗೆ ಕಾಣದಷ್ಟು ಓರೆ. ನೀರು ನಿಲ್ಲುವುದಿಲ್ಲ. ಬೆಂಚಿನ ಮುಖ ಬೀದಿಯ ಕಡೆಗಿರಬೇಕು. ಗೋಡೆ ನೋಡಿಕೊಂಡು ಕೂರುವವನು ಸಾಲ ಕೊಟ್ಟವನಿಗೆ ಹೆದರಿದವನು ಮಾತ್ರ.

ಅಂಗಡಿಯವರ ತಕರಾರು ಪಾರ್ಕಿಂಗಿನದು. ಗಿರಾಕಿಯ ಬೈಕಿಗೆ ಜಾಗವಿಲ್ಲದಿದ್ದರೆ ಗಿರಾಕಿ ಬದಿಯಡ್ಕಕ್ಕೆ ಹೋಗುತ್ತಾನೆ ಎಂಬ ವಾದ. ಒಂದು ಬೆಳಗ್ಗೆ ಚಾದಂಗಡಿಯಲ್ಲಿ ನೋಟ್‌ಬುಕ್ ಹಿಡಿದು ಕೂತು ನಂಬರ್‌ಪ್ಲೇಟ್ ಬರೆದುಕೊಂಡೆ. ಮಧ್ಯಾಹ್ನದವರೆಗೂ ಕದಲದೆ ನಿಂತ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿಯವರವೇ, ಅವರ ಕೆಲಸದವರವೇ. ಆ ಪಟ್ಟಿಯನ್ನು ಸಭೆಯಲ್ಲಿ ಓದಲಿಲ್ಲ. ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ತೋರಿಸಿದೆ. ಈಗ ಅವರ ಗಾಡಿಗಳು ಹಿಂದಿನ ಖಾಲಿ ಜಾಗದಲ್ಲಿ ನಿಲ್ಲುತ್ತವೆ.

ಹಣದ ಮಾತು. ಒಂದು ಕಚೇರಿಯಿಂದ ಬೀದಿಗೆಲ್ಲ ಕಾಂಕ್ರೀಟಿನ ಮೇಲೆ ಇಂಟರ್‌ಲಾಕ್ ಹಾಕುವ ಎಸ್ಟಿಮೇಟ್ ಬಂದಿತ್ತು, ಒಂಬತ್ತು ಲಕ್ಷದ ಮೇಲೆ, ಮರಕ್ಕೆ ಒಂದು ರೂಪಾಯಿಯೂ ಇಲ್ಲದೆ. ನಮ್ಮ ಕೆಲಸ ಹಾಳಾದದ್ದೂ ಸೇರಿ ಎರಡೂಕಾಲು ಲಕ್ಷದಲ್ಲಿ ಮುಗಿಯಿತು. ಅಂಗಡಿಯವರು ತಲಾ ಎರಡು ಸಾವಿರ, ಗಲ್ಫಿನಲ್ಲಿರುವ ಊರಿನ ಹುಡುಗರು ಸುಮಾರು ಅರುವತ್ತು ಸಾವಿರ, ಉಳಿದದ್ದರಲ್ಲಿ ದೊಡ್ಡ ಪಾಲು ನನ್ನದು. ನಮ್ಮ ಬೀದಿ ಪಂಚಾಯತ್ ರಸ್ತೆಯಾದ ಕಾರಣ ಒಪ್ಪಿಗೆಗೆ ಒಂದೇ ಬಾಗಿಲು ತಟ್ಟಿದರೆ ಸಾಕಾಯಿತು. ಲೋಕೋಪಯೋಗಿ ಇಲಾಖೆಯ ರಸ್ತೆಯಲ್ಲಿ ಇದನ್ನು ಶುರುಮಾಡಬೇಡಿ.

ಮರ ಉಳಿದದ್ದು ಕಣಿಯಿಂದ ಮಾತ್ರವಲ್ಲ. ಪ್ರತಿ ಮರಕ್ಕೂ ಅದರ ಬುಡದಲ್ಲಿ ಸಂಜೆ ಗಾಡಿ ಇಡುವವರೇ ಯಜಮಾನರು. ಗೋಳಿಬಜೆಯವನು, ಸೀಯಾಳದವನು, ಮಲ್ಲಿಗೆ ಮಾರುವ ಅಕ್ಕ, ಉಪ್ಪಿನಲ್ಲಿಟ್ಟ ನೆಲ್ಲಿಕಾಯಿ, ಮಾವಿನಕಾಯಿಯ ಭರಣಿ ಇಡುವ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು. ಮರ ಒಣಗಿದರೆ ಗಾಡಿಯ ಜಾಗವೂ ಹೋಯಿತು, ಇಷ್ಟೇ ಕರಾರು. ನಗರಸಭೆ ಇರುವಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಸಮಿತಿ ಎಂದೆಲ್ಲ ಇದೆ. ನಮ್ಮಂಥ ಪೇಟೆಯಲ್ಲಿ ಎಲ್ಲವನ್ನೂ ಮಾತಿನಲ್ಲೇ ಮುಗಿಸಿದೆವು. ಪ್ಲಾಸ್ಟಿಕ್ ತಟ್ಟೆ ಇಲ್ಲ, ಅಡಿಕೆ ಹಾಳೆಯ ತಟ್ಟೆ ಮಾತ್ರ. ಅದನ್ನೂ ಕತ್ತರಿಸಿ ಬುಡಕ್ಕೆ ಹೊದೆಸುತ್ತೇವೆ.

ತಿಂಗಳಿಗೊಮ್ಮೆ ಶನಿವಾರ ಅಲ್ಲೇ ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಇದಕ್ಕೆ ನೆಪ ಬೇಕಾಗಿಲ್ಲ. ವೇಷವಿಲ್ಲ, ರಂಗಸ್ಥಳವಿಲ್ಲ, ನಾಲ್ಕು ಕುರ್ಚಿ, ಒಂದು ಮೈಕು. ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆಯೇ ಚೆಂಡೆಗೆ ಕೋಲು. ಮಲಯಾಳ ಮಾತ್ರ ಬಲ್ಲವರೂ ವಾಲಿ ಸುಗ್ರೀವರ ಜಗಳ ಕೇಳಲು ನಿಲ್ಲುತ್ತಾರೆ. ಆ ದಿನ ಗೋಳಿಬಜೆಯವನ ವ್ಯಾಪಾರ ದುಪ್ಪಟ್ಟು ಎಂದು ಅವನೇ ಹೇಳುತ್ತಾನೆ, ತಾಳಮದ್ದಳೆಗೆ ಚಂದಾ ಕೇಳಿದರೆ ಮಾತ್ರ 'ಏನೂ ಗಿಟ್ಟಲಿಲ್ಲ ಅಣ್ಣ' ಎನ್ನುತ್ತಾನೆ.

ಈಗ ಪೆರ್ಲದ ಕಡೆಯ ಇನ್ನೊಂದು ಪೇಟೆಯವರು ಕರೆದಿದ್ದಾರೆ. ಬೀದಿ ಇನ್ನೂ ಕಿರಿದು, ಕಲ್ಲು ಇನ್ನೂ ಗಟ್ಟಿ, ಆದರೆ ಇಳಿಜಾರು ಒಳ್ಳೆಯದಿದೆ. ಮುಂಗಡ ತೆಗೆದುಕೊಂಡಿದ್ದೇನೆ. ಮಾರ್ಚಿ ಕೊನೆಯೊಳಗೆ ಜಲ್ಲಿ ಇಳಿಸಬೇಕು, ಮಳೆ ಹಿಡಿಯುವ ಮೊದಲು ಪೈಪು ಕೂರಿಸಬೇಕು.