ಟಾಕಿಯ ನೀರಿಗೆ ನಂಬುವಂಥ ಲೆಕ್ಕ: ವಿಜಯಪುರದಲ್ಲಿ ಸೆನ್ಸರ್ ಜಾಲ ಕಟ್ಟಿದ ಬಗೆ

ಓಣಿಯ ಟಾಕಿಯಲ್ಲಿ ನೀರೆಷ್ಟಿದೆ ಎಂದು ಮೊಬೈಲಿನಲ್ಲಿ ತೋರಿಸುವುದು ಇವತ್ತು ದೊಡ್ಡ ಮಾತಲ್ಲ. ತೋರಿಸಿದ ಅಂಕಿಯನ್ನು ವಾಲ್ವ್‌ಮನ್, ಓಣಿಯ ಜನ, ಪಾಲಿಕೆಯ ಎಂಜಿನಿಯರ್ ಮೂವರೂ ಒಪ್ಪಬೇಕು ಅಂದಾಗ ಮಾತ್ರ ಕೆಲಸ ಗಟ್ಟಿಯಾಗುತ್ತದೆ. ನಳಕ್ಕೆ ನೀರು ಬರಲಿಲ್ಲ ಎಂದು ಜಗಳ ಬಿದ್ದ ದಿನ, ಅಂಕಿಯನ್ನು ನಡುವೆ ಯಾರೂ ತಿದ್ದಿಲ್ಲ ಎಂದು ಮೂರನೆಯವರೊಬ್ಬರು ತಾವೇ ಪರೀಕ್ಷಿಸಿ ನೋಡುವಂತಿರಬೇಕು. ನಮ್ಮ ಜಾಲದ ಪ್ರತಿ ಭಾಗವನ್ನೂ ಈ ಒಂದು ಬೇಡಿಕೆ ಇಟ್ಟುಕೊಂಡೇ ಆರಿಸಿದೆವು.

ಮೊದಲ ಪ್ರಶ್ನೆ ಅಳೆಯುವುದು ಹೇಗೆ ಎಂಬುದು. ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರನ್ನು ಟಾಕಿಯ ಮುಚ್ಚಳಕ್ಕೆ ಕಟ್ಟಿ ಬಿಡುವುದು ಸುಲಭ. ಆದರೆ ಶಬ್ದದ ವೇಗ ಉಷ್ಣತೆಯ ಜೊತೆ ಬದಲಾಗುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 45 ಡಿಗ್ರಿಯಲ್ಲಿ ಸುಮಾರು 358. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಮುಚ್ಚಿದ ಟಾಕಿಯೊಳಗಿನ ಗಾಳಿ ಕಾದಿದ್ದಾಗ, ಎರಡು ಮೀಟರ್ ಕೆಳಗಿರುವ ನೀರು ಎಂಟು ಸೆಂ.ಮೀ. ಮೇಲಿದ್ದಂತೆ ಕಾಣುತ್ತದೆ. ಅಂದರೆ ಮಧ್ಯಾಹ್ನ ಯಾರೂ ನೀರು ಬಿಡದೆಯೇ ಟಾಕಿ ತುಂಬಿದ ಹಾಗೆ. ಇದರ ಜೊತೆಗೆ ಸೆನ್ಸರಿನ ಮುಖದಿಂದ 20-25 ಸೆಂ.ಮೀ. ಒಳಗಿನದು ಅದಕ್ಕೆ ಕಾಣುವುದೇ ಇಲ್ಲ. ಅದರ ಕಿರಣವೂ ಅಗಲ, ಏಣಿ, ಪೈಪು, ಗೋಡೆ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ.

ಹಾಗಾಗಿ ಮುಖ್ಯ ಅಳತೆಗೆ ನೀರಿನೊಳಗೆ ಇಳಿಬಿಡುವ ಒತ್ತಡದ ಸೆನ್ಸರನ್ನೇ ಬಳಸಿದೆವು: 5 ಮೀಟರ್ ವ್ಯಾಪ್ತಿ, 4–20 ಮಿಲಿಯಾಂಪ್ ಔಟ್‌ಪುಟ್. 150 ಓಮ್ ರೆಸಿಸ್ಟರಿನ ಮೇಲೆ ಇದು 0.6ರಿಂದ 3.0 ವೋಲ್ಟ್ ಆಗುತ್ತದೆ, ಒಂದು ಸೆಂ.ಮೀ. ನೀರಿಗೆ 4.8 ಮಿಲಿವೋಲ್ಟ್. ಇಎಸ್‌ಪಿ32 ಚಿಪ್ಪಿನ ಒಳಗಿನ ಎಡಿಸಿ (ವೋಲ್ಟನ್ನು ಅಂಕಿಯಾಗಿಸುವ ಭಾಗ) ನೇರಗೆರೆಯಲ್ಲಿ ಓದುವುದಿಲ್ಲ, ಮೇಲಿನ ವೋಲ್ಟೇಜಿಗೆ ಹೋದಂತೆ ಡೊಂಕಾಗುತ್ತದೆ. ಹೊರಗೆ ಎಡಿಎಸ್1115 ಎಂಬ ಬೇರೆ ಎಡಿಸಿ ಹಾಕಿ, 4.096 ವೋಲ್ಟ್ ವ್ಯಾಪ್ತಿಯಲ್ಲಿಟ್ಟರೆ ಒಂದು ಸೆಂ.ಮೀ.ಗೆ 38 ಮೆಟ್ಟಿಲು ಸಿಗುತ್ತವೆ. ರೆಸಿಸ್ಟರಿನ ವಿಷಯದಲ್ಲಿ ದುಡ್ಡು ಉಳಿಸಬಾರದು. ಶೇ. 1ರ ಮಾಮೂಲಿ ರೆಸಿಸ್ಟರ್ ಹಾಕಿದರೆ ಟಾಕಿ ತುಂಬಿದಾಗ ಆರು ಸೆಂ.ಮೀ. ತಪ್ಪು ಬರಬಹುದು. ಶೇ. 0.1ರದ್ದೇ ಬೇಕು.

ಈ ಸೆನ್ಸರಿನ ಕೇಬಲ್ಲಿನೊಳಗೆ ಸಣ್ಣದೊಂದು ಗಾಳಿಯ ನಳಿಕೆ ಇರುತ್ತದೆ. ಹೊರಗಿನ ವಾಯುಭಾರವನ್ನು ಕಳೆದು ಬರೀ ನೀರಿನ ಭಾರ ತೋರಿಸಲು ಅದು ತೆರೆದಿರಲೇಬೇಕು. ಸರ್ಕ್ಯೂಟ್ ಇರುವ ಡಬ್ಬಿಯೊಳಗೆ ನೀರು ಹೋಗಬಾರದೆಂದು ಎಲ್ಲ ಸಂದಿಗೂ ಸಿಲಿಕೋನ್ ತುಂಬಿದರೆ ಏನಾಗುತ್ತದೆ ನೋಡಿ: ಬೆಳಿಗ್ಗೆ 25 ಡಿಗ್ರಿ ಇದ್ದ ಡಬ್ಬಿ ಬಿಸಿಲಿಗೆ 60 ಡಿಗ್ರಿ ಆದಾಗ ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಶೇ. 11ಕ್ಕಿಂತ ಹೆಚ್ಚು ಏರುತ್ತದೆ, ಅದು ಒಂದು ಮೀಟರಿಗೂ ಮಿಕ್ಕಿದ ನೀರಿನ ಭಾರಕ್ಕೆ ಸಮ. ಟಾಕಿ ತುಂಬಿದ್ದರೂ ಅಂಕಿ ಇಳಿಯುತ್ತದೆ. ಡಬ್ಬಿಯ ಕೆಳಮುಖಕ್ಕೆ ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವೆಂಟ್ ಪ್ಲಗ್ ಕೂಡಿಸಿ, ನಳಿಕೆಯ ತುದಿಗೆ ಸಿಲಿಕಾ ಜೆಲ್ ಚೀಲ ಕಟ್ಟಿ, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಿದರೆ ಈ ಕಾಟ ತಪ್ಪುತ್ತದೆ.

ವಿದ್ಯುತ್ತಿಗೆ 3.2 ವೋಲ್ಟಿನ 6 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 2 ವ್ಯಾಟಿನ ಸೌರಫಲಕ. ಮಾಮೂಲಿ 18650 ಲಿಥಿಯಂ-ಅಯಾನ್ ಸೆಲ್ಲುಗಳನ್ನು 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಬಾರದು. ನಮ್ಮ ಬೇಸಿಗೆಯಲ್ಲಿ ಡಬ್ಬಿ ದಿನವಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಡಬ್ಬಿಯ ಮೇಲೆ ಎರಡು ಬೆರಳು ಸಂದು ಬಿಟ್ಟು ಬಿಳಿ ತಗಡಿನ ನೆರಳು ಹಾಕುವುದನ್ನೂ ಮರೆಯಬಾರದು. ಸೆನ್ಸರಿಗೆ ಬೇಕಾದ 24 ವೋಲ್ಟನ್ನು ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರಿನಿಂದ ತೆಗೆದು, ಪ್ರತಿ 15 ನಿಮಿಷಕ್ಕೆ ಐದು ಸೆಕೆಂಡು ಮಾತ್ರ ಹಚ್ಚುತ್ತೇವೆ. ಕನ್ವರ್ಟರಿನ ಮುಂದೆ ಮಾಸ್ಫೆಟ್ ಸ್ವಿಚ್ ಬೇಕೇ ಬೇಕು, ಏಕೆಂದರೆ ಕನ್ವರ್ಟರ್ ಆರಿಸಿದರೂ ಅದರ ಕಾಯಿಲ್ ಮತ್ತು ಡಯೋಡಿನ ಮೂಲಕ ಬ್ಯಾಟರಿ ಸೋರುತ್ತಲೇ ಇರುತ್ತದೆ. ಎಲ್ಲ ಸರಿಯಿದ್ದರೆ ದಿನದ ಖರ್ಚು ಸುಮಾರು 30 ಮಿಲಿಯಾಂಪ್-ಅವರ್. ಯುಎಸ್‌ಬಿ ಚಿಪ್ ಇರುವ ಕಲಿಕಾ ಬೋರ್ಡನ್ನೇ ಹಾಗೇ ಕೂಡಿಸಿದರೆ ನಿದ್ದೆಯಲ್ಲೇ ಅದರ ಹಲವು ಪಟ್ಟು ತಿನ್ನುತ್ತದೆ.

ಡಬ್ಬಿ ಕೂಡಿಸಲು ಕಂಬ ನೆಡುವುದಿದ್ದರೆ ಎರಿ ಮಣ್ಣಿನ ಮಾತು ಬರುತ್ತದೆ. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ನೆಲದಲ್ಲಿ ಅರ್ಧ ಮೀಟರ್ ಕುಣಿಯ ಕಂಬ ವರ್ಷದೊಳಗೆ ವಾಲುತ್ತದೆ. ಟಾಕಿಯ ಕಾಂಕ್ರೀಟಿಗೇ ಬಿಗಿಯುವುದು ಒಳ್ಳೆಯದು. ಇನ್ನೊಂದು, ಊರ ತುಂಬ ಸ್ಮಾರಕಗಳಿವೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಗೋಲಗುಮ್ಮಟದ ಆಸುಪಾಸಿನಲ್ಲಿ ಕಂಬ ಅಂದರೆ ಮೊದಲು ಅನುಮತಿಯ ಕಾಗದ, ಆಮೇಲೆ ಗುದ್ದಲಿ.

ರೇಡಿಯೋ ಲೋರಾವ್ಯಾನ್ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ದೂರ ಕಳಿಸುವ ಜಾಲ), ಭಾರತದ 865 ಮೆಗಾಹರ್ಟ್ಸ್ ಪಟ್ಟಿ, ಪರವಾನಗಿ ಬೇಡ. ಊರು ಬಯಲುಸೀಮೆಯಾದ್ದರಿಂದ ಎತ್ತರದ ಮಾಳಿಗೆಯ ಮೇಲೆ ಎಂಟು ಚಾನೆಲ್ಲಿನ, ಸಂದೇಶ ಹಿಡಿದು ಸರ್ವರಿಗೆ ದಾಟಿಸುವ ಒಂದು ಗೇಟ್‌ವೇ ಇಟ್ಟರೆ ದೂರದವರೆಗೆ ಕೇಳಿಸುತ್ತದೆ. ಕಾಂಕ್ರೀಟ್ ಟಾಕಿಯೊಳಗೆ ಮಾತ್ರ ಆಂಟೆನಾ ಇಡಬೇಡಿ. ನಮ್ಮ ಒಂದು ಅಳತೆಯ ದಾಖಲೆ 12 ಬೈಟು. ಎಸ್‌ಎಫ್ ಅಂದರೆ ರೇಡಿಯೋದ ವೇಗದ ಮೆಟ್ಟಿಲು, ಅಂಕಿ ಏರಿದಷ್ಟೂ ಸಂದೇಶ ನಿಧಾನ, ಆದರೆ ದೂರ ಮುಟ್ಟುತ್ತದೆ. ಎಸ್‌ಎಫ್7ರಲ್ಲಿ ಅದು ಗಾಳಿಯಲ್ಲಿರುವುದು 60 ಮಿಲಿಸೆಕೆಂಡು, ಎಸ್‌ಎಫ್12ರಲ್ಲಿ ಒಂದೂವರೆ ಸೆಕೆಂಡು. ಗೇಟ್‌ವೇ ಮತ್ತು ಸರ್ವರಿನ ನಡುವೆ ಯುಡಿಪಿ ಫಾರ್ವರ್ಡರ್ ಎಂಬ ಹಳೆಯ ತಂತ್ರಾಂಶ ಇರುವ ಕಡೆ ಗೂಢಲಿಪಿಯೂ ಇಲ್ಲ, ಗುರುತು ಕೇಳುವುದೂ ಇಲ್ಲ. ಅದರ ಬದಲು ಬೇಸಿಕ್ಸ್ ಸ್ಟೇಷನ್ ಹಾಕಿ, ಗೂಢಲಿಪಿ ಮತ್ತು ಗುರುತು ಎರಡೂ ಇರುವ ಟಿಎಲ್‌ಎಸ್ ಮೇಲೆ ಓಡಿಸಬೇಕು. ಸರ್ವರಿನಲ್ಲಿ ಜಾಲ ನಡೆಸಲು ಚಿರ್ಪ್‌ಸ್ಟ್ಯಾಕ್, ದಾಖಲೆ ಇಡಲು ಪೋಸ್ಟ್‌ಗ್ರೆಸ್ ಬಳಸಿದೆವು.

ಇಷ್ಟರಿಂದ ಅಂಕಿ ಬರುತ್ತದೆ, ಆದರೆ ಸಾಕ್ಷಿ ಬರುವುದಿಲ್ಲ. ಲೋರಾವ್ಯಾನ್ ಪ್ರತಿ ಸಂದೇಶಕ್ಕೂ ನಾಲ್ಕು ಬೈಟಿನ ಮುದ್ರೆ ಒತ್ತುತ್ತದೆ ನಿಜ. ಆ ಮುದ್ರೆಯ ಕೀಲಿ ಸರ್ವರಿನ ಹತ್ತಿರವೂ ಇರುತ್ತದೆ. ಸರ್ವರ್ ನಡೆಸುವವರು ಬೇಕೆಂದರೆ ಹಳೆಯ ಅಂಕಿಗೆ ಹೊಸ ಮುದ್ರೆ ಒತ್ತಬಲ್ಲರು, ಹೊರಗಿನವರಿಗೆ ಅದು ಗೊತ್ತಾಗುವ ದಾರಿಯಿಲ್ಲ. ಅದಕ್ಕೆ ಪ್ರತಿ ಡಬ್ಬಿಯಲ್ಲೂ ಎಟಿಇಸಿಸಿ608 ಎಂಬ ಚಿಪ್ ಕೂಡಿಸಿದೆವು. ಸಹಿ ಹಾಕುವ ಖಾಸಗಿ ಕೀಲಿ ಅದರೊಳಗೇ ಹುಟ್ಟುತ್ತದೆ, ಹೊರಗೆ ಬರುವುದೇ ಇಲ್ಲ. ಆ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿಯನ್ನು ಡಬ್ಬಿ ಕೂಡಿಸಿದ ದಿನವೇ ಎಲ್ಲರಿಗೂ ಪ್ರಕಟಿಸುತ್ತೇವೆ.

ತೊಡಕು ಏನೆಂದರೆ ಆ ಚಿಪ್ಪಿನ ಸಹಿ 64 ಬೈಟು. ನಮ್ಮ ರೇಡಿಯೋ ಪಟ್ಟಿಯಲ್ಲಿ ಎಸ್‌ಎಫ್10ರಿಂದ ಎಸ್‌ಎಫ್12ರವರೆಗೆ ಒಂದು ಸಂದೇಶದಲ್ಲಿ ಹಿಡಿಸುವುದು 51 ಬೈಟು ಮಾತ್ರ. ಪ್ರತಿ ಅಳತೆಗೂ ಸಹಿ ಕಳಿಸಲು ಆಗದು. ಆದ್ದರಿಂದ ದಾಖಲೆಗಳನ್ನು ಸರಪಳಿ ಮಾಡಿದೆವು. ದಾಖಲೆಯಲ್ಲಿ ಕ್ರಮಸಂಖ್ಯೆಗೆ 4 ಬೈಟು, ಸಮಯಕ್ಕೆ 4, ಮಿಲಿಮೀಟರಿನಲ್ಲಿ ಮಟ್ಟಕ್ಕೆ 2, ಉಷ್ಣತೆಗೆ 1, ಕೊನೆಯ 1ರಲ್ಲಿ ಬ್ಯಾಟರಿ ಮತ್ತು ಮುಚ್ಚಳ ತೆರೆದಿದೆಯೇ ಎಂಬ ಬಿಟ್. ಹ್ಯಾಶ್ ಅಂದರೆ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚು, ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ಹಿಂದಿನ ಹ್ಯಾಶಿಗೆ ಈ 12 ಬೈಟು ಸೇರಿಸಿ ಎಸ್‌ಎಚ್‌ಎ-256 ಲೆಕ್ಕ ಹಾಕಿದರೆ ಹೊಸ ಹ್ಯಾಶ್. ದಿನದ 96 ದಾಖಲೆ ಮುಗಿದ ಮೇಲೆ ಕೊನೆಯ ಹ್ಯಾಶಿಗೆ ಒಂದೇ ಸಹಿ, ಅದನ್ನು 32 ಬೈಟಿನ ಎರಡು ತುಂಡು ಮಾಡಿ ರಾತ್ರಿ ಕಳಿಸುತ್ತೇವೆ. ನಡುವಿನ ಒಂದು ಅಂಕಿ ತಿದ್ದಿದರೂ, ಒಂದು ದಾಖಲೆ ಅಳಿಸಿದರೂ ಸಹಿ ಹೊಂದುವುದಿಲ್ಲ.

ಹಾಗೆಯೇ, ರೇಡಿಯೋದಲ್ಲಿ ಒಂದು ದಾಖಲೆ ಕಳೆದುಹೋದರೂ ಹೊಂದುವುದಿಲ್ಲ. ಇದನ್ನು ಮೊದಲೇ ಯೋಚಿಸಿರಬೇಕು. ಡಬ್ಬಿಯೊಳಗೆ ವಿದ್ಯುತ್ ಹೋದರೂ ಅಳಿಯದ ನೆನಪಿನ ಚಿಪ್, 32 ಕಿಲೋಬೈಟಿನ ಎಫ್‌ರ್ಯಾಮ್ ಇದೆ. ದಿನಕ್ಕೆ 1,152 ಬೈಟಿನಂತೆ 28 ದಿನದ ದಾಖಲೆ ಅದರಲ್ಲಿ ಉಳಿಯುತ್ತದೆ. ಸರ್ವರಿಗೆ ಕ್ರಮಸಂಖ್ಯೆಯಲ್ಲಿ ಸಂದು ಕಂಡರೆ ಇಂತಿಂಥವು ಬೇಕು ಎಂದು ಕೇಳುತ್ತದೆ, ಡಬ್ಬಿ ನಾಲ್ಕು ನಾಲ್ಕು ದಾಖಲೆಯನ್ನು ಒಂದೊಂದು ಸಂದೇಶದಲ್ಲಿ ಮತ್ತೆ ಕಳಿಸುತ್ತದೆ: 48 ಬೈಟು, 51ರೊಳಗೆ ಸರಿಯಾಗಿ ಕೂಡುತ್ತದೆ. ಅಷ್ಟಾದರೂ ಸಿಗದ ಗಂಟೆಗಳ ಎದುರು ‘ದಾಖಲೆ ಇಲ್ಲ’ ಎಂದೇ ಬರೆಯುತ್ತೇವೆ. ಅಲ್ಲಿ ಸೊನ್ನೆ ಹಾಕುವುದು, ಅಕ್ಕಪಕ್ಕದ ಅಂಕಿಯಿಂದ ಗೆರೆ ಎಳೆದು ತುಂಬುವುದು ಸುಳ್ಳೇ. ಟಾಕಿ ಖಾಲಿ ಇರುವುದಕ್ಕೂ ನಮಗೆ ಗೊತ್ತಿಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಗ್ರಾಫಿನಲ್ಲಿ ಕಾಣಲೇಬೇಕು.

ಸಮಯಕ್ಕೆ ಡಿಎಸ್3231 ಗಡಿಯಾರ, 40 ಡಿಗ್ರಿ ದಾಟಿದಾಗಲೂ ದಿನಕ್ಕೆ ಮೂರನೇ ಒಂದು ಸೆಕೆಂಡಿಗಿಂತ ಹೆಚ್ಚು ಜಾರುವುದಿಲ್ಲ. ವಾರಕ್ಕೊಮ್ಮೆ ಜಾಲದಿಂದ ಸರಿಪಡಿಸುತ್ತೇವೆ, ಎಷ್ಟು ಸರಿಪಡಿಸಿದೆವು ಎಂಬುದೂ ದಾಖಲಾಗುತ್ತದೆ. ಸಾಧನವನ್ನು ಜಾಲಕ್ಕೆ ಸೇರಿಸುವಾಗ ಪ್ರತಿ ಸಲ ಹೊಸ ಕೀಲಿ ಪಡೆದು ಸೇರುವ ಓಟಿಎಎ ವಿಧಾನವನ್ನೇ ಬಳಸಬೇಕು. ಕೀಲಿಯನ್ನು ಮೊದಲೇ ಬರೆದಿಡುವ ಎಬಿಪಿ ವಿಧಾನದಲ್ಲಿ ಬ್ಯಾಟರಿ ತೆಗೆದು ಹಾಕಿದಾಗ ಸಂದೇಶಗಳ ಎಣಿಕೆ ಸೊನ್ನೆಗೆ ಇಳಿಯುವುದುಂಟು. ಆಗ ಸರ್ವರ್ ನಿಜವಾದ ಸಂದೇಶವನ್ನೇ ತಳ್ಳಿಹಾಕುತ್ತದೆ, ಆ ತಪಾಸಣೆ ಆರಿಸಿಬಿಟ್ಟರೆ ಹಳೆಯ ಸಂದೇಶವನ್ನು ಯಾರು ಬೇಕಾದರೂ ಮತ್ತೆ ಹೊಡೆಯಬಹುದು.

ಇನ್ನೂ ಒಂದು ಬಾಗಿಲು ತೆರೆದೇ ಇದೆ: ಸಹಿ ಇರುವ ಸುಳ್ಳು. ಯಾರೋ ಸೆನ್ಸರನ್ನು ಟಾಕಿಯಿಂದ ಎತ್ತಿ ಪಕ್ಕದ ಬ್ಯಾರೆಲ್ಲಿನಲ್ಲಿ ಮುಳುಗಿಸಿದರೆ ಗಣಿತಕ್ಕೆ ಅದು ತಿಳಿಯದು. ಇದನ್ನು ಹಿಡಿಯುವುದು ನೀರಿನ ಲೆಕ್ಕವೇ. ಒಂದು ಟಾಕಿಯ ತಳ 25 ಚದರ ಮೀಟರ್, ಬರುವ ಪೈಪು ಹೆಚ್ಚೆಂದರೆ ಸೆಕೆಂಡಿಗೆ 10 ಲೀಟರ್ ಕೊಡುತ್ತದೆ ಅನ್ನಿ. 15 ನಿಮಿಷಕ್ಕೆ 9,000 ಲೀಟರ್, ಅಂದರೆ 36 ಸೆಂ.ಮೀ. ಅದಕ್ಕಿಂತ ಹೆಚ್ಚು ಏರಿದ ಅಂಕಿ ಎಷ್ಟೇ ಚಂದದ ಸಹಿ ಹೊತ್ತಿದ್ದರೂ ಕೆಂಪು ಬಣ್ಣದಲ್ಲಿ ಬರುತ್ತದೆ. ಇದರ ಮೇಲೆ ಗೊತ್ತಿರುವ ಎತ್ತರದಲ್ಲೊಂದು ಫ್ಲೋಟ್ ಸ್ವಿಚ್ ಇರುತ್ತದೆ. ನೀರು ಅದನ್ನು ದಾಟಿದ ಗಳಿಗೆಗೆ ಒತ್ತಡದ ಸೆನ್ಸರ್ ಅದೇ ಎತ್ತರ ಹೇಳಬೇಕು. ಎರಡು ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಸೆನ್ಸರ್ ಜಾರಿದೆ, ಇಲ್ಲವೇ ಅದರ ತೂತಿಗೆ ಕೆಸರು ಕೂತಿದೆ. ಟಾಕಿ ತೊಳೆಯುವವರು ಕೇಬಲ್ ಹಿಡಿದು ಎಳೆಯುವುದೇ ಬಹಳ ಸಲದ ಕಾರಣ. ಸೆನ್ಸರನ್ನು ತಳದಿಂದ ಹತ್ತು ಸೆಂ.ಮೀ. ಮೇಲೆ, ಪಿವಿಸಿ ಪೈಪಿನೊಳಗೆ ಇಳಿಬಿಟ್ಟರೆ ಕೆಸರೂ ತಪ್ಪುತ್ತದೆ, ಕೈಯೂ ತಾಗುವುದಿಲ್ಲ.

ತಿಂಗಳಿಗೊಮ್ಮೆ ವಾಲ್ವ್‌ಮನ್ ಟೇಪು ಇಳಿಬಿಟ್ಟು ಅಳೆದ ಅಂಕಿ ಇವೆರಡಕ್ಕೂ ಮೇಲು. ಅವರ ಅಳತೆಯನ್ನೂ ಅದೇ ಕಡತದಲ್ಲಿ, ಅವರು ಹೇಳಿದ ಹಾಗೆಯೇ ಇಡುತ್ತೇವೆ. ಟಾಕಿಯ ನಡವಳಿಕೆ ಅವರಷ್ಟು ಬಲ್ಲವರಿಲ್ಲ. ಆದಿಲ್‌ಶಾಹಿ ಕಾಲದವರು ನೀರಿನ ಸಾಲಿನ ನಡುನಡುವೆ ಗಂಜ್ ಎಂಬ ಗೋಪುರ ಕಟ್ಟಿ ಒತ್ತಡ ಇಳಿಸಿದರು, ಹೂಳು ಕೂರಲು ಜಾಗ ಮಾಡಿದರು. ಆ ಗಂಜ್‌ಗಳಲ್ಲಿ ಹಲವು ಇಂದಿಗೂ ನಿಂತಿವೆ. ನಡುದಾರಿಯಲ್ಲಿ ನಿಲ್ಲಿಸಿ ಕಸ ಬೇರೆ ಮಾಡುವ ಜಾಗ ಅಂಕಿಯ ದಾರಿಗೂ ಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮನೆಮನೆಯ ಮೀಟರಿಗೂ ಇದನ್ನೇ ಹಾಕಿ ಎಂಬ ಒತ್ತಾಯ ಬರುತ್ತದೆ. ನಾವು ಹಾಕಲಿಲ್ಲ. 15 ನಿಮಿಷಕ್ಕೊಮ್ಮೆ ಒಂದು ಮನೆಯ ನೀರಿನ ಬಳಕೆ ನೋಡಿದರೆ ಮನೆಯವರು ಎದ್ದದ್ದು, ಊರಿಗೆ ಹೋದದ್ದು, ಮನೆಗೆ ಬೀಗ ಬಿದ್ದದ್ದು ಎಲ್ಲ ತಿಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಆದರೆ ಓಣಿಯ ಟಾಕಿಯ ಮಟ್ಟದಿಂದಲೇ ಕೆಲಸ ಆಗುವಾಗ ಅಂಥ ದತ್ತಾಂಶ ಕೂಡಿಡುವುದೇ ಬೇಡ.

ಪ್ರತಿ ರಾತ್ರಿ ದಿನದ ಕಡತ, ಸಹಿ, ಸಾರ್ವಜನಿಕ ಕೀಲಿ ಮೂರೂ ತೆರೆದ ಸರ್ವರಿನಲ್ಲಿ ಬೀಳುತ್ತವೆ. ಎಲ್ಲ ಟಾಕಿಗಳ ಕೊನೆಯ ಹ್ಯಾಶುಗಳನ್ನು ಕೂಡಿಸಿ ತೆಗೆದ ಒಂದು ಹ್ಯಾಶ್, ಪರಸ್ಪರ ಸಂಬಂಧವಿಲ್ಲದ ಮೂವರ ಇಮೇಲಿಗೆ ಹೋಗುತ್ತದೆ. ಆಮೇಲೆ ನಾವೇ ಇಡೀ ಕಡತ ಬದಲಿಸಿದರೂ ಅವರ ಬಳಿ ಇರುವುದಕ್ಕೆ ತಾಳೆಯಾಗದು. ತಾಳೆ ನೋಡುವ ಪೈಥಾನ್ ಪ್ರೋಗ್ರಾಂ ಒಂದು ಪುಟದ್ದು. ಕಡತದ ದಾರಿ ಕೊಟ್ಟರೆ ‘ಸರಿಯಿದೆ’ ಅಥವಾ ಇಂಥ ಕ್ರಮಸಂಖ್ಯೆಯಲ್ಲಿ ಸರಪಳಿ ಕಡಿದಿದೆ ಎಂದು ಕನ್ನಡದಲ್ಲೇ ಹೇಳುತ್ತದೆ. ಡಬ್ಬಿ ಬದಲಿಸಿದಾಗ ಹಳೆಯ ಕೀಲಿಯ ಕೊನೆಯ ಕ್ರಮಸಂಖ್ಯೆಯನ್ನೂ ಹೊಸ ಕೀಲಿಯ ಮೊದಲನೆಯದನ್ನೂ ಒಂದೇ ಸಾಲಿನಲ್ಲಿ ಬರೆದು, ಬದಲಿಸಿದವರ ಹುದ್ದೆ, ತೆರೆದ ಹೊತ್ತು, ಆಗ ಟೇಪಿನಲ್ಲಿ ಸಿಕ್ಕ ಮಟ್ಟ ಸೇರಿಸಿಡಬೇಕು. ಈ ಸಾಲು ಇಲ್ಲದಿದ್ದರೆ ಆ ದಿನದಿಂದ ಮುಂದಿನ ಅಂಕಿಗಳನ್ನು ಹಳೆಯವುಗಳ ಜೊತೆ ಜೋಡಿಸಿ ಗ್ರಾಫ್ ಎಳೆಯಲು ನಮ್ಮ ಪ್ರೋಗ್ರಾಂ ಒಪ್ಪುವುದಿಲ್ಲ.