ಮೈಸೂರಿನಲ್ಲಿ ಮಡಚಿ, ಮಂಡ್ಯದಲ್ಲಿ ಬಿಚ್ಚಿ: ಮಡಚುವ ಸೈಕಲ್ ಕೊಳ್ಳುವುದು, ಬಳಸುವುದು ಹೇಗೆ?

ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಸುಮಾರು 45 ಕಿ.ಮೀ. ಆ 45 ಕಿ.ಮೀ. ನನಗೆ ಯಾವತ್ತೂ ಕಷ್ಟ ಅನ್ನಿಸಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕರೆ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನೋಡಿಕೊಂಡು ಹೋಗಬಹುದು. ಕಷ್ಟ ಇದ್ದದ್ದು ಎರಡು ತುದಿಗಳಲ್ಲಿ. ಬೆಳಿಗ್ಗೆ ಸರಸ್ವತಿಪುರಂನ ಮನೆಯಿಂದ ಸ್ಟೇಷನ್ನಿಗೆ ಒಂದು ಆಟೊ, ಮಂಡ್ಯದಲ್ಲಿ ಇಳಿದು ಆಫೀಸಿಗೆ ಇನ್ನೊಂದು. ಸಂಜೆ ಮತ್ತೆ ಎರಡು. ಸ್ಕೂಟರನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿದರೆ ಒಂದು ತುದಿಯ ಕಷ್ಟ ಮಾತ್ರ ತಪ್ಪುತ್ತದೆ.

ಹಾಗಾಗಿ ಮಡಚುವ ಸೈಕಲ್ ತಗೊಂಡೆ. ಇದನ್ನು ಕೊಳ್ಳಬೇಕು ಅಂದುಕೊಂಡವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ತುಳಿಯೋಕೆ ಹೇಗಿದೆ?" ತುಳಿಯೋಕೆ ಚೆನ್ನಾಗೇ ಇದೆ. ಆದರೆ ಮೊದಲು ಕೇಳಬೇಕಾದ್ದು ಅದಲ್ಲ. ಮಡಚೋಕೆ ಹೇಗಿದೆ, ಎತ್ತೋಕೆ ಹೇಗಿದೆ ಅಂತ ಕೇಳಬೇಕು. ಮಡಚುವುದು ತಲೆನೋವಾದರೆ ಎಂಥ ಒಳ್ಳೆ ಸೈಕಲ್ಲೂ ಒಂದು ತಿಂಗಳಲ್ಲಿ ಬಾಲ್ಕನಿ ಸೇರುತ್ತದೆ.

ಮೊದಲು ನಿಮ್ಮ ದಾರಿ ನೋಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತಗೊಳ್ಳಿ. ಮನೆಯಿಂದ ಹೊರಟು ಮನೆಗೆ ಬರುವವರೆಗೆ ಸೈಕಲ್ ಎಲ್ಲೆಲ್ಲಿ ಇರುತ್ತದೆ ಅಂತ ಬರೆಯಿರಿ. ಎಷ್ಟು ಮೆಟ್ಟಿಲು? ಸ್ಟೇಷನ್ನಿನಲ್ಲಿ ಮೇಲ್ಸೇತುವೆ ಹತ್ತಬೇಕಾ? ಆಫೀಸಿನಲ್ಲಿ ಎಲ್ಲಿ ಇಡ್ತೀರಿ, ಮೇಜಿನ ಕೆಳಗಾ, ಬೀರು ಪಕ್ಕನಾ? ಆ ಜಾಗದ ಅಳತೆಯನ್ನು ಟೇಪು ಹಿಡಿದು ಬರೆದಿಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ ಮಾಡಿ. ಇಂಥ ಸೈಕಲ್ ಸಾಮಾನ್ಯವಾಗಿ 11ರಿಂದ 14 ಕೆ.ಜಿ. ತೂಗುತ್ತದೆ. ಹತ್ತು ಕೆ.ಜಿ. ಅಕ್ಕಿ ಚೀಲದ ಜೊತೆ ಎರಡು ಲೀಟರ್ ನೀರಿನ ಬಾಟಲಿ ಹಿಡಿದು ನಿಮ್ಮ ಮನೆ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಕೈ ನೋವು ಬಂದರೆ ಹಗುರದ್ದನ್ನೇ ಹುಡುಕಿ, ಅಥವಾ ಮಡಚಿದ ಮೇಲೂ ಉರುಳಿಸಿಕೊಂಡು ಹೋಗಬಹುದಾದ ಮಾದರಿ ನೋಡಿ.

ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ, ಅಷ್ಟೇ ನಿಮ್ಮ ಓಡಾಟ ಅಂದರೆ ಮಾಮೂಲಿ ಸೈಕಲ್ಲೇ ಸಾಕು. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಕೂಡ ಅಂಥ ಓಡಾಟಕ್ಕೇ ಹೇಳಿ ಮಾಡಿಸಿದ್ದು. ಒಂದು ಕೇಂದ್ರದಲ್ಲಿ ತಗೊಂಡು ಇನ್ನೊಂದು ಕೇಂದ್ರದಲ್ಲಿ ಬಿಡಬೇಕು. ಅದನ್ನು ರೈಲಿಗೆ ಹತ್ತಿಸುವ ಹಾಗಿಲ್ಲ, ಮನೆ ಒಳಗೂ ತರುವ ಹಾಗಿಲ್ಲ. ಆ ಎರಡು ಕೆಲಸ ನಿಮಗೆ ಬೇಕಿದ್ದರೆ ಮಾತ್ರ ಮಡಚುವ ಸೈಕಲ್ಲಿಗೆ ದುಡ್ಡು ಹಾಕಿ.

ಚಕ್ರದ ಅಳತೆ: 16 ಇಂಚಾ, 20 ಇಂಚಾ?

ಲಂಡನ್ನಿನಲ್ಲಿ ಆಂಡ್ರ್ಯೂ ರಿಚೀ 1970ರ ದಶಕದಲ್ಲಿ ರೂಪಿಸಿದ ಬ್ರಾಂಪ್ಟನ್ 16 ಇಂಚಿನ ಚಕ್ರದ್ದು. ಮೂರು ಮಡಿಕೆಯಾಗಿ ಸೂಟ್‌ಕೇಸಿನಷ್ಟು ಚಿಕ್ಕದಾಗುತ್ತದೆ. ಡೇವಿಡ್ ಹಾನ್ 1982ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಡಾಹೋನ್ ಕಂಪನಿಯ ಜನಪ್ರಿಯ ಮಾದರಿಗಳು 20 ಇಂಚಿನವು. ಅವು ಫ್ರೇಮಿನ ನಡುವೆ ಎರಡಾಗಿ ಮಡಚಿಕೊಳ್ಳುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಮಡಚುವ ಸೈಕಲ್ಲುಗಳೂ ಈ ಎರಡನೇ ಥರದವು.

ನನ್ನ ಮಾತು ಕೇಳಿದರೆ 20 ಇಂಚಿನದನ್ನೇ ತಗೊಳ್ಳಿ. ಕಾರಣ ಟ್ಯೂಬು. 20 ಇಂಚಲ್ಲೂ ಎರಡು ಅಳತೆ ಇವೆ. ಟೈರು ಕೂರುವ ರಿಮ್ಮಿನ ಅಡ್ಡಳತೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 406 ಅಂತ ಇದ್ದರೆ ಅದು ಮಕ್ಕಳ 20 ಇಂಚಿನ ದಪ್ಪ ಟೈರಿನ ಸೈಕಲ್ಲಿನ ಅಳತೆಯೇ. ಅಂಥ ಟ್ಯೂಬು ಮಂಡ್ಯದಲ್ಲೂ ಸಿಗುತ್ತದೆ, ಮದ್ದೂರಲ್ಲೂ ಸಿಗುತ್ತದೆ. 451 ಅಂತ ಇದ್ದರೆ ಚಕ್ರ ಸ್ವಲ್ಪ ದೊಡ್ಡದು, ಟೈರು ತೆಳ್ಳಗೆ. ನೋಡೋಕೆ ಚೆಂದ, ಓಡೋಕೂ ಜೋರು, ಆದರೆ ಟೈರಿಗಾಗಿ ಅಲೆಯಬೇಕಾಗುತ್ತದೆ. ಬ್ರಾಂಪ್ಟನ್ನಿನ 16 ಇಂಚು ಅಂದರೆ 349. ಮಕ್ಕಳ ಸೈಕಲ್ಲಿನ 16 ಇಂಚು 305. ಹೆಸರು ಒಂದೇ ಆದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

"ಚಿಕ್ಕ ಚಕ್ರ ಅಂದ್ರೆ ಜಾಸ್ತಿ ತುಳೀಬೇಕಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಲೆಕ್ಕ ಹಾಕಿ ನೋಡೋಣ. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.55 ಮೀಟರ್ ಉರುಳುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 52 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸುಮಾರು 5.8 ಮೀಟರ್ ಹೋಗುತ್ತೀರಿ. ನಮ್ಮ ತಾತಂದಿರ ಕಾಲದ 28 ಇಂಚಿನ ಕರಿ ಸೈಕಲ್ಲಿನಲ್ಲಿ 44 ಮತ್ತು 18 ಹಲ್ಲು ಇದ್ದರೆ ಬರುವುದು ಸುಮಾರು 5.4 ಮೀಟರ್. ಚಕ್ರ ಚಿಕ್ಕದಾದಷ್ಟೂ ಮುಂದಿನ ಹಲ್ಲುಚಕ್ರ ದೊಡ್ಡದು ಮಾಡಿರುತ್ತಾರೆ, ಅಷ್ಟೇ. ಏರಿಗೆ ಹಿಂದೆ 28 ಹಲ್ಲಿಗೆ ಹಾಕಿದರೆ ಒಂದು ಸುತ್ತಿಗೆ 2.9 ಮೀಟರ್. ಮೈಸೂರಿನ ಒಳಗಿನ ಏರುಗಳಿಗೆ ಇದು ಧಾರಾಳವಾಗಿ ಸಾಕು. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಅದನ್ನು ಹತ್ತಬೇಕು ಅಂತ ಆಸೆ ಇರುವವರು ಹಿಂದೆ ಇನ್ನೂ ದೊಡ್ಡ ಹಲ್ಲುಚಕ್ರ ಇರುವುದನ್ನು ಕೇಳಿ ತಗೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದ್ದು

ಅಂಗಡಿಯವರು ಮಡಚಿ ತೋರಿಸಿದರೆ ಸಾಲದು. ನೀವೇ ಮೂರು ಸಲ ಮಡಚಿ, ಮೂರು ಸಲ ಬಿಚ್ಚಿ. ಮೂರನೇ ಸಲಕ್ಕೂ ಕೈ ತಡಕಾಡಿದರೆ ಇನ್ನೊಂದು ಮಾದರಿ ನೋಡಿ. ಮಡಚಿದ ಸೈಕಲ್ಲನ್ನು ಎತ್ತಿ ಅಂಗಡಿಯ ಬಾಗಿಲವರೆಗೆ ನಡೆಯಿರಿ. ಎತ್ತಿದಾಗ ಎರಡು ಚಕ್ರ ತೆರೆದುಕೊಂಡು ಕಾಲಿಗೆ ಬಡಿಯುತ್ತಾ? ಅವನ್ನು ಹಿಡಿದಿಡಲು ಅಯಸ್ಕಾಂತವೋ ಪಟ್ಟಿಯೋ ಇದೆಯಾ?

ಎಷ್ಟು ತೂಕದವರು ಕೂರಬಹುದು ಅಂತ ಕೈಪಿಡಿಯಲ್ಲಿ ಇರುತ್ತದೆ. ನಿಮ್ಮ ತೂಕಕ್ಕೆ ಬ್ಯಾಗಿನ ತೂಕ ಸೇರಿಸಿ ನೋಡಿ. ಸೀಟಿನ ಕಂಬವನ್ನು ನಿಮ್ಮ ಎತ್ತರಕ್ಕೆ ಎಳೆದಾಗ ಅದರ ಮೇಲಿರುವ ಕೊನೆಯ ಗೆರೆ ಹೊರಗೆ ಬರಬಾರದು. ಎತ್ತರದವರಿಗೆ ಇದು ತುಂಬ ಮುಖ್ಯ. ಗೆರೆ ದಾಟಿಸಿ ಓಡಿಸಿದರೆ ಫ್ರೇಮು ಸೀಳುವ ಅಪಾಯ ಇದೆ.

ಸೆಕೆಂಡ್ ಹ್ಯಾಂಡ್ ಆದರೆ ಕೀಲಿನ ಸುತ್ತ ಬೆಸುಗೆ ಹಾಕಿದ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮಡಚುವುದು ಹೇಗೆ?

ಎಡಕ್ಕೆ ಮಡಚಬೇಕೋ ಬಲಕ್ಕೋ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಆದರೆ ನಡುವೆ ಮಡಚುವ 20 ಇಂಚಿನ ಸೈಕಲ್ಲುಗಳಲ್ಲಿ ಈ ಸರದಿ ನನಗೆ ಸರಿ ಹೊಂದಿದೆ.

ಮೊದಲು ಇನ್ನೂ ತುಳಿಯುತ್ತಿರುವಾಗಲೇ ಗೇರನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಚೈನು ಫ್ರೇಮಿಗೆ ಹತ್ತಿರ ಸರಿಯುತ್ತದೆ, ಪ್ಯಾಂಟಿಗೆ ಮಸಿ ತಾಗುವುದು ಕಡಿಮೆ. ಇಳಿದು, ಪೆಡಲ್ ಮಡಚಿ. ಆಮೇಲೆ ಹ್ಯಾಂಡಲ್ ಕಂಬದ ಲಿವರ್ ಬಿಚ್ಚಿ ಕೆಳಗೆ ಇಳಿಬಿಡಿ. ಬ್ರೇಕಿನ ವೈರುಗಳು ಎಲ್ಲೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಈಗ ಒಂದು ಕೈ ಸೀಟಿನ ಮೇಲೆ, ಇನ್ನೊಂದು ಕೈ ನಡುವಿನ ಕೀಲಿನ ಮೇಲೆ. ಕೊಕ್ಕೆ ಎಳೆದು, ಫ್ರೇಮನ್ನು ಸ್ವಲ್ಪ ಮೇಲಕ್ಕೆ ಎತ್ತಿ ಮಡಚಿ. ನೆಲದ ಮೇಲೆ ಎಳೆದು ಮಡಚಲು ಹೋದರೆ ಟೈರು ಹಿಡಿದುಕೊಳ್ಳುತ್ತದೆ. ಚಕ್ರಗಳು ಜೋಡಿಯಾದ ಮೇಲೆ ಕೊನೆಗೆ ಸೀಟು ಇಳಿಸಿ. ಸೀಟು ಕೊನೆಗೇ ಯಾಕೆ ಅಂದರೆ ಅಲ್ಲಿಯವರೆಗೆ ನಿಮ್ಮ ಹಿಡಿ ಅದೇ.

ಬಿಚ್ಚುವಾಗ ಇದರ ತಿರುಗುಮುರುಗು. ಇಲ್ಲಿ ಅವಸರ ಮಾಡಬಾರದು. ಇದನ್ನು ನಾನು ಬಿದ್ದು ಕಲಿತೆ. ಸೈಕಲ್ ತಗೊಂಡ ಮೂರನೇ ವಾರ. ರೈಲು ಲೇಟಾಗಿತ್ತು. ಮಂಡ್ಯ ಸ್ಟೇಷನ್ನಿನ ಹೊರಗೆ ಗಡಿಬಿಡಿಯಲ್ಲಿ ಬಿಚ್ಚಿದೆ. ಹ್ಯಾಂಡಲ್ ಕಂಬದ ಲಿವರ್ ಮುಚ್ಚಿದ ಹಾಗೆ ಕಾಣುತ್ತಿತ್ತು, ಪೂರ್ತಿ ಕೂತಿರಲಿಲ್ಲ. ಮೊದಲನೇ ಹಂಪ್ಸ್ ದಾಟುವಾಗ ಹ್ಯಾಂಡಲ್ಲು ಕೈಯಲ್ಲೇ ವಾಲಿತು. ಎಡಗೈ ಊರಿ ಬಿದ್ದೆ. ಹಿಂದೆ ಬರುತ್ತಿದ್ದ ಆಟೊದವರು ಬ್ರೇಕ್ ಹಾಕಿದ್ದರಿಂದ ಮಣಿಕಟ್ಟು ಊದಿಕೊಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅವತ್ತಿನಿಂದ ಹತ್ತುವ ಮೊದಲು ನಾಲ್ಕು ಕೆಲಸ ತಪ್ಪಿಸುವುದಿಲ್ಲ. ಒಂದು, ನಡುವಿನ ಕೀಲಿನ ಲಿವರನ್ನು ಅಂಗೈಯಿಂದ ಒತ್ತುತ್ತೇನೆ. ಅದು ಅರ್ಧ ದಾರಿಯಿಂದಲೇ ಬಿಗಿ ಕೊಡಬೇಕು, ಮುಚ್ಚಿದ ಮೇಲೆ ಅಂಗೈಯಲ್ಲಿ ಗುರುತು ಉಳಿಯಬೇಕು. ಸುಮ್ನೆ ಸಲೀಸಾಗಿ ಮುಚ್ಚಿಕೊಂಡರೆ ಸಡಿಲ ಅಂತ ಅರ್ಥ, ಪಕ್ಕದ ನಟ್ಟನ್ನು ಸ್ವಲ್ಪ ಬಿಗಿ ಮಾಡಬೇಕು. ಎರಡು, ಹ್ಯಾಂಡಲ್ ಕಂಬದ ಲಿವರೂ ಹಾಗೇ, ಜೊತೆಗೆ ಅದರ ಚಿಕ್ಕ ಸುರಕ್ಷತಾ ಕೊಕ್ಕೆ. ಮೂರು, ಸೀಟನ್ನು ಎರಡು ಕೈಯಲ್ಲಿ ಹಿಡಿದು ತಿರುಚುತ್ತೇನೆ, ಅಲ್ಲಾಡಬಾರದು. ನಾಲ್ಕು, ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳುತ್ತೇನೆ. ಕೀಲಿನಲ್ಲಿ "ಟಕ್" ಅಂದರೆ ಹತ್ತುವುದಿಲ್ಲ. ಎಲ್ಲ ಸೇರಿ ಹದಿನೈದು ಸೆಕೆಂಡು.

ಮನೆಯಲ್ಲಿ ಒಂದು ವಾರ ದಿನಕ್ಕೆ ಐದು ಸಲ ಅಭ್ಯಾಸ ಮಾಡಿ. ಸೀಟು ಸರಿಯಾದ ಎತ್ತರಕ್ಕೆ ಬಂದ ಜಾಗದಲ್ಲಿ ಕಂಬದ ಮೇಲೆ ಬಣ್ಣದ ಟೇಪಿನ ತುಂಡು ಅಂಟಿಸಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು, ಅದೇ ಸರಿಯಾದ ಎತ್ತರ.

ರಸ್ತೆಯಲ್ಲಿ

ಚಿಕ್ಕ ಚಕ್ರಕ್ಕೆ ಗುಂಡಿ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಸೈಕಲ್ಲು ಹಾರಿಸಿಕೊಂಡು ಹೋಗುವ ಗುಂಡಿಯಲ್ಲಿ ಇದು ಇಳಿದೇಬಿಡುತ್ತದೆ. ಹ್ಯಾಂಡಲ್ಲೂ ಚುರುಕು, ಸ್ವಲ್ಪ ತಿರುಗಿಸಿದರೂ ತಿರುಗುತ್ತದೆ. ಅದಕ್ಕೇ ಮೊದಲ ವಾರ ಒಂದು ಕೈ ಬಿಟ್ಟು ಓಡಿಸಬೇಡಿ. ಬೆಳಿಗ್ಗೆ ಬೇಗ ಮಾನಸಗಂಗೋತ್ರಿ ಕಡೆಯ ರಸ್ತೆಗಳಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಸಯ್ಯಾಜಿರಾವ್ ರಸ್ತೆಯ ಗದ್ದಲಕ್ಕೆ ಇಳಿಯಿರಿ. ಚರಂಡಿ ಮೇಲಿನ ಜಾಲರಿಯ ಕಂಬಿಗಳು ರಸ್ತೆ ಉದ್ದಕ್ಕೇ ಇದ್ದರೆ ಅದರ ಮೇಲೆ ಹೋಗದೆ ಪಕ್ಕದಿಂದ ಹೋಗಿ.

ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಗಾಡಿ, ಟ್ರಾಕ್ಟರುಗಳಿಂದ ಬಿದ್ದ ಕಬ್ಬಿನ ಜಲ್ಲೆ ರಸ್ತೆ ತುಂಬ ಇರುತ್ತದೆ. ಅಡ್ಡ ಬಿದ್ದ ಜಲ್ಲೆ ಮೇಲೆ ಚಿಕ್ಕ ಚಕ್ರ ಜಾರುತ್ತದೆ. ಇಳಿದು ತಳ್ಳಿಕೊಂಡು ದಾಟಿದರೆ ನಷ್ಟ ಏನಿಲ್ಲ. ಮಳೆಯಲ್ಲಿ ನಾಲೆ ಏರಿ ಮೇಲಿನ ಮಣ್ಣಿನ ದಾರಿ ಈ ಸೈಕಲ್ಲಿಗಲ್ಲ. ಜೇಡಿ ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ.

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್, ಬೈಕ್, ಆಟೊ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ತಲೆಗೆ ಹೆಲ್ಮೆಟ್ ಇರಲಿ.

ರೈಲು ಮತ್ತು ಬಸ್ಸಿನಲ್ಲಿ

ಪ್ಲಾಟ್‌ಫಾರಂ ಮೇಲೆ ಸೈಕಲ್ ತುಳಿಯಬೇಡಿ. ಹೊರಗೇ ಮಡಚಿ, ಬಟ್ಟೆಯ ಕವರ್ ಹಾಕಿ ಒಳಗೆ ಬನ್ನಿ. ಕವರ್ ಇದ್ದರೆ ಚೈನಿನ ಎಣ್ಣೆ ಪಕ್ಕದವರ ಸೀರೆಗೆ, ಪಂಚೆಗೆ ತಾಗುವುದಿಲ್ಲ.

ನಿಯಮ ತಿಳಿದಿರಲಿ. ಸೆಕೆಂಡ್ ಕ್ಲಾಸಿನಲ್ಲಿ 35 ಕೆ.ಜಿ.ವರೆಗೆ ಲಗೇಜು ಉಚಿತ, ಆದರೆ ಆ ರಿಯಾಯಿತಿ ಸೈಕಲ್ಲಿಗೆ ಇಲ್ಲ. ಬೋಗಿಯೊಳಗೆ ತರುವ ಪೆಟ್ಟಿಗೆಗೆ 100, 60, 25 ಸೆಂ.ಮೀ. ಅಂತ ಮಿತಿ ಇದೆ. ಮಡಚಿದ 20 ಇಂಚಿನ ಸೈಕಲ್ಲಿನ ದಪ್ಪ ಸಾಮಾನ್ಯವಾಗಿ 25 ದಾಟುತ್ತದೆ. ಹಾಗಾಗಿ ಶುರು ಮಾಡುವ ಮೊದಲು ಸ್ಟೇಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ಕೇಳಿಕೊಳ್ಳಿ. ಲಗೇಜ್ ಚೀಟಿ ಮಾಡಿಸಿ ಅಂದರೆ ಮಾಡಿಸಿ, ವಾದಕ್ಕೆ ನಿಲ್ಲಬೇಡಿ. ಬಸ್ಸಿನಲ್ಲಿ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ, ಡಿಕ್ಕಿಯಲ್ಲಿ ಚೈನಿನ ಭಾಗ ಮೇಲೆ ಬರುವ ಹಾಗೆ ಮಲಗಿಸಿ.

ರೈಲಿನಲ್ಲಿ ಎಲ್ಲರೂ ಹತ್ತಿದ ಮೇಲೆ ನೀವು ಹತ್ತಿ. ಬಾಗಿಲಿಗಾಗಲಿ, ಶೌಚಾಲಯದ ದಾರಿಗಾಗಲಿ ಅಡ್ಡ ಇಡಬೇಡಿ. ಬೋಗಿಯ ಕೊನೆಯ ಸೀಟಿನ ಪಕ್ಕ ನಿಲ್ಲಿಸಿ, ಒಂದು ಕೈ ಅದರ ಮೇಲಿರಲಿ. ಯಾರಾದರೂ ಮಾತಾಡಿಸಿಯೇ ಮಾತಾಡಿಸುತ್ತಾರೆ. "ಇದೇನ್ ಸಾ, ಸೈಕಲ್ನ ಗಂಟ್ ಕಟ್ಕೊಂಡ್ ಹೊಂಟಿದ್ದೀರಿ?" ಅಂತ ಯಲಿಯೂರಿನಲ್ಲಿ ಹತ್ತಿದ ರೈತರೊಬ್ಬರು ಕೇಳಿದರು. ಕವರ್ ಸರಿಸಿ ತೋರಿಸಿದೆ. ಅವರು ಕೀಲನ್ನು ಬೆರಳಿನಿಂದ ಮುಟ್ಟಿ ನೋಡಿ, "ಇಲ್ಲಿಗೆ ಎಣ್ಣೆ ಬಿಡ್ತಾ ಇದ್ದೀರಾ?" ಅಂದರು. ನಾನು ಬಿಟ್ಟಿರಲಿಲ್ಲ.

ಆರೈಕೆ

ಅವರು ಹೇಳಿದ್ದು ಸರಿ. ತಿಂಗಳಿಗೊಮ್ಮೆ ಕೀಲಿನ ಧೂಳು ಒರೆಸಿ, ಪಿನ್ನಿಗೆ ಒಂದೇ ತೊಟ್ಟು ಎಣ್ಣೆ ಬಿಡಿ. ಜಾಸ್ತಿ ಬಿಟ್ಟರೆ ಧೂಳು ಅಂಟುತ್ತದೆ. ಸೀಟಿನ ಕಂಬಕ್ಕೆ ಮಾತ್ರ ಎಣ್ಣೆ ಬೇಡ, ಜಾರುತ್ತದೆ.

ಗಾಳಿ ವಾರಕ್ಕೊಮ್ಮೆ ನೋಡಿ. ಎಷ್ಟು ಇರಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚಾಗಿದೆ. ಗಾಳಿ ಕಡಿಮೆ ಇದ್ದು ಗುಂಡಿಗೆ ಇಳಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ವಾಲ್ವು ಸ್ಕೂಟರಿನ ಥರದ್ದಾದರೆ ಎಲ್ಲ ಪಂಚರ್ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು. ಒಂದು ಟ್ಯೂಬು, ಚಿಕ್ಕ ಪಂಪು, ಅಲೆನ್ ಕೀ ಬ್ಯಾಗಿನಲ್ಲಿರಲಿ. ಹಿಂದಿನ ಚಕ್ರ ನಟ್ಟಿನದ್ದಾದರೆ ಅದಕ್ಕೆ ಸರಿಯಾದ ಸ್ಪ್ಯಾನರೂ ಬೇಕು.

ಮೊದಲ ಭಾನುವಾರಕ್ಕೆ ಒಂದು ದಾರಿ

ಕೆಲಸಕ್ಕೆ ಒಯ್ಯುವ ಮೊದಲು ರಜೆಯ ದಿನ ಇದನ್ನು ಮಾಡಿ ನೋಡಿ. ಮೈಸೂರಿನಲ್ಲಿ ರೈಲು ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಸ್ಟೇಷನ್ ಹೊರಗೆ ಬಿಚ್ಚಿ, ನಾಲ್ಕು ಪರೀಕ್ಷೆ ಮಾಡಿ, ರಂಗನಾಥಸ್ವಾಮಿ ದೇವಸ್ಥಾನದ ಗೋಪುರ ನೋಡಿಕೊಂಡು ಪೂರ್ವಕ್ಕೆ ಹೊರಡಿ. ದರಿಯಾ ದೌಲತ್, ಗಂಜಾಂ, ಗುಂಬಜ್, ಕೊನೆಗೆ ಕಾವೇರಿಯ ಎರಡು ಕವಲು ಕೂಡುವ ಸಂಗಮ. ದೊಡ್ಡ ಏರು ಎಲ್ಲೂ ಇಲ್ಲ. ಹೋಗುವುದು ಐದು ಕಿ.ಮೀ. ಆಸುಪಾಸು. ಸಂಗಮದಲ್ಲಿ ಕಾಲು ನೆನೆಸಿಕೊಂಡು ವಾಪಸ್ ಹೊರಡುವಾಗ ರೈಲಿನ ವೇಳೆಗೆ ಅರ್ಧ ಗಂಟೆ ಮುಂಚೆ ಸ್ಟೇಷನ್ನಿನಲ್ಲಿರುವ ಹಾಗೆ ನೋಡಿಕೊಳ್ಳಿ. ಮಡಚಿ ಕವರ್ ಹಾಕುವ ಮೊದಲು ಚಕ್ರಕ್ಕೆ, ಕೀಲಿಗೆ ಅಂಟಿದ ಹೊಳೆಯ ಮರಳನ್ನು ಒಣ ಬಟ್ಟೆಯಲ್ಲಿ ಒರೆಸಿ.