2010ರ ಸ್ವಿಫ್ಟ್ ಡೀಸೆಲ್ ಮತ್ತ 21ರ ಮೈಲೇಜಿಗೆ ಬಂತು: ನನ್ನ ಅನುಭವ

ಎರಡೂಮುಕ್ಕಾಲು ಲಕ್ಷ ಓಡಿರೋ ನನ್ನ ಸ್ವಿಫ್ಟ್ ವಿಡಿಐ ಈಗ ಜಮಖಂಡಿ-ವಿಜಯಪುರ ರೋಡಿನ್ಯಾಗ ಲೀಟರಿಗೆ 21-22 ಕೊಡಾಕತ್ತೈತಿ. ಫುಲ್ ಟ್ಯಾಂಕ್ ಮಾಡ್ಸಿ ಮತ್ತ ಫುಲ್ ಮಾಡ್ಸಿ ತಗದ ಲೆಕ್ಕ ಇದು, ಮೀಟರ್ ನೋಡಿ ಹೇಳಿದ್ದಲ್ಲ. ಹೋದ ವರ್ಷ ಇದ ಗಾಡಿ 15ಕ್ಕ ಇಳದಿತ್ತು, ಏರಿನ್ಯಾಗ ಕರೀ ಹೊಗಿ, ಮುಂಜಾನೆ ಸ್ಟಾರ್ಟ್ ಆಗಾಕ ರಗಳಿ. "ಮಾವಾ, ಗುಜರಿಗೆ ಕೊಟ್ಟು ಕರೆಂಟಿನ ಗಾಡಿ, ಇವಿ ತಗೊಂಡ್ಬಿಡ್ರಿ" ಅಂತ ಅಳಿಯ, "ಸಾವಕಾರ್ರ, ಇಂಜಿನ್ ಇಳಿಸೂದ ಸೈ, ಲಕ್ಷದ ಮಾತು" ಅಂತ ಮೇಸ್ತ್ರಿ. ಇಬ್ರಿಗೂ ಈಗ ಗಾಡಿ ಕೊಟ್ಟು ಓಡಿಸಿ ನೋಡ್ರಿ ಅಂತೀನಿ.

ಈ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಇಂಜಿನ್ ಎಲ್ಲಾರಿಗೂ ಗೊತ್ತಿದ್ದದ್ದ. ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾ, ಪುಂಟೋ ಎಲ್ಲಾದ್ರಾಗೂ ಇದ ಇತ್ತು. 2020ರಾಗ ಬಿಎಸ್6 ಹೊಗಿ ನಿಯಮ ಬಂದಮ್ಯಾಲ ಮಾರುತಿ ಡೀಸೆಲ್ ಬಿಟ್ರೂ ಸಾಮಾನಿಗೆ ಬರ ಇಲ್ಲ, ಹಳೇ ಗಾಡಿ ಇಟ್ಕೊಳ್ಳಾಕ ನನಗ ಧೈರ್ಯ ಬಂದದ್ದ ಇದರಿಂದ.

ಮೊದಲ ರೊಕ್ಕ ನೀರಾಗ ಹೋಮ. ಒಂದು ದೊಡ್ಡ ವರ್ಕ್‌ಶಾಪಿನವರು ಡೀಸೆಲ್ ಚಿಮ್ಮಿಸೋ ನಾಲ್ಕೂ ಇಂಜೆಕ್ಟರ್ ಕ್ಲೀನಿಂಗ್, ಇಜಿಆರ್ (ಹೊಗಿ ವಾಪಸ್ ಇಂಜಿನ್ನಿಗೆ ಬಿಡೋ ವಾಲ್ವ್) ಕ್ಲೀನಿಂಗ್, ಅದು ಇದು ಅಂತ ಹನ್ನೊಂದು ಸಾವಿರದ ಮ್ಯಾಲ ಬಿಲ್ ಮಾಡಿದ್ರು, ಒಂದು ವಾರ ಚಲೋ ಇತ್ತು, ಮತ್ತ ಅದ ಹಾಡು. ಟ್ಯಾಂಕಿಗೆ ಹಾಕೋ ಬಾಟ್ಲಿ ಔಷಧ ಮೂರ್ನಾಕ್ ಥರದ್ದು ಹಾಕಿ ನೋಡೀನಿ, ಅರ್ಧ ಕಿಲೋಮೀಟರೂ ಏರಲಿಲ್ಲ.

ಆಮ್ಯಾಲ ನಾನ ಕುಂತೆ. ಮೆಡಿಕಲ್ ಶಾಪಿನಿಂದ ಸಲಾಯಿನ್ ಪೈಪು, ಒಂದ ಸೈಜಿನ ನಾಲ್ಕು ಖಾಲಿ ಬಾಟ್ಲಿ ತಂದು, ಇಂಜೆಕ್ಟರಿನ ರಿಟರ್ನ್ ಲೈನ್ (ಉಳದ ಡೀಸೆಲ್ ವಾಪಸ್ ಹೋಗೋ ಪೈಪ್) ಬಿಚ್ಚಿ ಒಂದೊಂದಕ್ಕ ಒಂದೊಂದು ಪೈಪ್ ಹಾಕಿ, ಟ್ಯಾಂಕ್ ಕಡಿ ಹೋಗೋ ರಿಟರ್ನ್ ಪೈಪಿನ ಬಿಚ್ಚಿದ ಬಾಯಿ ಬಂದ್ ಮಾಡಿ, ಇಂಜಿನ್ ಬಿಸಿ ಇದ್ದಾಗ ಐದಾರು ನಿಮಿಷ ಐಡಲ್ ಬಿಟ್ಟೆ. ಒಂದು ಮತ್ತ ನಾಲ್ಕನೇ ಬಾಟ್ಲಿ ತಳ ಮುಚ್ಚುವಷ್ಟ ತುಂಬಿದ್ವು, ಮೂರನೇದು ಅರ್ಧಕ್ಕ ಬಂದಿತ್ತು, ಎರಡನೇದು ಅದರ ಹಿಂದ. ಜಾಸ್ತಿ ಡೀಸೆಲ್ ವಾಪಸ್ ಬಿಟ್ಟದ್ದ ಕೆಟ್ಟ ಇಂಜೆಕ್ಟರ್, ಅಂದ್ರ ಕೆಟ್ಟದ್ದು ಎರಡ, ನಾಲ್ಕಲ್ಲ. ಆ ಎರಡನ್ನ ಬಿಚ್ಚಿದಾಗ ಬುಡಕ್ಕ ಡಾಂಬರಿನಂಗ ಕರೀ ಕಾರ್ಬನ್ ಗಟ್ಟಿಯಾಗಿ ಕುಂತಿತ್ತು, ವರ್ಕ್‌ಶಾಪಿನವರು ಹಳೇ ತಾಮ್ರದ ವಾಷರ್ ಮತ್ತ ಹಾಕಿ ಕೂಡ್ರಿಸಿದ್ರು. ಅಲ್ಲಿಂದ ಗ್ಯಾಸ್ ಬರ್ತಿತ್ತು, ಇಂಜಿನ್ನಿನ್ಯಾಗ ಬರ್ತಿದ್ದ "ಚುಸ್ ಚುಸ್" ಸಪ್ಪಳ ಅದರದ್ದ. ವಾಷರ್ ಬೆಲಿ ಮೂವತ್ತೋ ನಲವತ್ತೋ ರೂಪಾಯಿ ನೋಡ್ರಿ!

ಎರಡು ಇಂಜೆಕ್ಟರ್ ಬೆಳಗಾವಿಗೆ ಕಳಿಸಿ ರಿಪೇರಿ ಮಾಡಿಸಿದೆ, ಎರಡೂ ಸೇರಿ ಒಂಬತ್ತು-ಹತ್ತು ಸಾವಿರ. ಹೊಸಾವು ನಾಲ್ಕು ಹಾಕ್ಸಿದ್ರ ಐವತ್ತರ ಮ್ಯಾಲ ಹೋಗ್ತಿತ್ತು. ವಾಷರ್ ಕೂಡ್ರೋ ಸೀಟ್ ಸ್ವಚ್ಛ ಮಾಡಾಕ ನಾನ ಮಾಡ್ಕೊಂಡ ಒಂದು ಟೂಲ್ ಐತಿ, ಅದನ್ನ ಇಲ್ಲಿ ಬಿಡಿಸಿ ಬರಿಯಲ್ಲ, ಬಂದ್ರ ತೋರಸ್ತೀನಿ. ಇಂಜಿನ್ನಿಗೆ ಗಾಳಿ ಒತ್ತೋ ಟರ್ಬೋದಿಂದ ಆ ಗಾಳಿ ತಂಪು ಮಾಡೋ ಇಂಟರ್‌ಕೂಲರಿಗೆ ಹೋಗೋ ಹೋಸ್ ಕೆಳಮಗ್ಗಲು ಸೀಳಿತ್ತು, ಮ್ಯಾಲಿಂದ ನೋಡಿದ್ರ ಕಾಣಾಂಗಿಲ್ಲ. ಅದೊಂದು ಬದಲ್ಸಿದ್ದಕ್ಕ ಏರಿನ ಹೊಗಿ ಬಂದ್ ಆತು. ಕಬ್ಬಿನ ಸೀಜನ್ನಿನ್ಯಾಗ ಟ್ರ್ಯಾಕ್ಟರ್ ಹಿಂದ ಧೂಳು ತಿನ್ನೋದಕ್ಕ ನಮ್ ಕಡಿ ಏರ್ ಫಿಲ್ಟರ್ ಬುಕ್ಕಿನ್ಯಾಗ ಹೇಳಿದ್ದಕ್ಕಿಂತ ಅರ್ಧದಾಗ ಬದಲ್ಸಬೇಕು.

ಟೈಮಿಂಗ್ ಚೈನ್, ಕ್ಲಚ್, ಕೆಳಗಿನ ಆರ್ಮ್ ಬುಷ್, ನಾಲ್ಕು ಟೈರ್ ಎಲ್ಲಾ ಹಿಡಿದು ಅರವತ್ತೈದು-ಎಪ್ಪತ್ತು ಸಾವಿರ ಹತ್ತಿತು. 15 ವರ್ಷ ಆಗಿತ್ತಲ್ಲ, ಆರ್‌ಸಿ ರಿನ್ಯೂವಲ್ಲಿಗೆ 5000 ಫೀ, ಮ್ಯಾಲ ಗ್ರೀನ್ ಟ್ಯಾಕ್ಸ್ ಬ್ಯಾರೆ. ಐದು ವರ್ಷ ನಿಶ್ಚಿಂತಿ.

ನಡುವ ಟೈರ್ ಗಾಳಿ 29ರಿಂದ 34ಕ್ಕ ಏರ್ಸಿ ನೋಡಿದೆ, ಮೈಲೇಜ್ ಒಂದು ಒಂದೂವರೆ ಏರಿತು ಖರೆ, ಆದ್ರ ಲೋಕಾಪುರ ಕಡಿ ರೋಡಿಗೆ ನಡಾ ಮುರೀತೈತಿ, 32ಕ್ಕ ನಿಲ್ಲಿಸೀನಿ.

ಇವಿ ಬ್ಯಾಡ ಅಂತ ಹಠ ಏನಿಲ್ರಿ. ಅಳಿಯನ ಟಿಯಾಗೋ ಇವಿ, 24 ಕಿಲೋವ್ಯಾಟ್-ಅವರ್ ಬ್ಯಾಟರಿದ್ದು, ಮೇ ತಿಂಗಳ ಬಿಸಿಲಾಗ ಎಸಿ ಹಾಕ್ಕೊಂಡು ವಿಜಯಪುರಕ್ಕ ಹೋಗಿ ಬಂದೆ, ಹೋಗಾಕ ಬರಾಕ 120ರ ಆಸುಪಾಸು, ಮನಿಗೆ ಬಂದಾಗ ಮೂವತ್ತು ಪರ್ಸೆಂಟ್ ಉಳದಿತ್ತು. ಓಡ್ಸಾಕ ಭಾಳ ಛಲೋ ಗಾಡಿ. ಮನಿ ಕರೆಂಟ್ ಯೂನಿಟ್ಟಿಗೆ ಆರು ರೂಪಾಯಿ ಹಿಡದ್ರೂ ಕಿಲೋಮೀಟರಿಗೆ ಒಂದು ರೂಪಾಯಿ ಬೀಳ್ತೈತಿ, ನನ್ನ ಡೀಸೆಲ್ಲಿಗೆ ನಾಲ್ಕೂಕಾಲು. ಹಂಗಾದ್ರ ಉಳಿತಾಯ ಮೂರೂಕಾಲು. ನಾನು ವರ್ಷಕ್ಕ ಹನ್ನೆರಡು ಸಾವಿರ ಓಡ್ಸಾಂವ, ಅಂದ್ರ ನಲವತ್ತು ಸಾವಿರದ ಒಳಗ. ಹತ್ತು ಲಕ್ಷ ಸಾಲ ಮಾಡಿದ್ರ ಮೊದಲ ವರ್ಷದ ಬಡ್ಡಿನ ಎಂಬತ್ತರಿಂದ ತೊಂಬತ್ತು ಸಾವಿರ! ಅಳಿಯಗ ದಿನಾ ನೂರು ಕಿಲೋಮೀಟರ್ ಓಡಾಟ ಐತಿ, ಅವನ ಲೆಕ್ಕ ಅವಗ ಸರಿ ಐತಿ. ನಿಮ್ದು ವರ್ಷಕ್ಕ ಇಪ್ಪತ್ತೈದು ಸಾವಿರದ ಒಳಗಿದ್ರ, ಗಾಡಿ ತಗಡಿಗೆ ತುಕ್ಕು ಹತ್ತಿಲ್ಲ ಅಂದ್ರ, ಹಳೇದನ್ನ ಮಾರಬ್ಯಾಡ್ರಿ. ಮೊದಲ ಆ ನಾಲ್ಕು ಬಾಟ್ಲಿ ಟೆಸ್ಟ್ ಮಾಡ್ರಿ, ಆಮ್ಯಾಲ ಗ್ಯಾರೇಜಿಗೆ ಹೋಗ್ರಿ, ಮತ್ತ ಹೊಸ ವಾಷರ್ ನಿಮ್ಮ ಕೈಯಾಗ ಒಯ್ರಿ.